ಯಾರು ಜಾಸ್ತಿ ದಿನ ಕಾಯಬಲ್ಲರು?

(ಕಾರ್ಮಿಕ ಸಂಘಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಯೂನಿಯನ್ ಅಂದ ತಕ್ಷಣ ಜನ ಎರಡು ಗುಂಪಾಗಿಬಿಡುತ್ತಾರೆ. ಕೆಲವರಿಗೆ ಅದು ಬಾವುಟ, ಘೋಷಣೆ, ಹೋರಾಟ. ಇನ್ನು ಕೆಲವರಿಗೆ ಕೆಲಸಗಳ್ಳರನ್ನು ಕಾಪಾಡುವ ಕೂಟ. ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡೋಣ. ನಾನು ಇವತ್ತು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ. ಕೆಲಸ ನಿಂತುಹೋದರೆ, ಯಾರು ಜಾಸ್ತಿ ದಿನ ಕಾಯಬಲ್ಲರು?

ಕೆಲಸಕ್ಕೆ ಸೇರುವಾಗ ಒಂದು ಕಾಗದಕ್ಕೆ ಸಹಿ ಹಾಕುತ್ತೇವೆ. ಕಾನೂನಿನ ಕಣ್ಣಿಗೆ ಅದು ಇಬ್ಬರು ಸಮಾನರ ಒಪ್ಪಂದ. ನಾನು ದುಡಿಯುತ್ತೇನೆ, ನೀವು ಸಂಬಳ ಕೊಡುತ್ತೀರಿ. ಬೇಡವೆನಿಸಿದರೆ ನಾನು ಬಿಡಬಹುದು, ನೀವೂ ಬಿಡಿಸಬಹುದು. ಓದಲು ಎಲ್ಲ ಸರಿಯಾಗೇ ಇದೆ. ಆದರೆ ಆ ಕಾಗದದ ಒಂದು ಸಾಲು ಬದಲಾಯಿಸಿ ಕೊಡಿ ಎಂದು ಕೇಳಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಬೇಕಾಗಿಲ್ಲ. ನಾವ್ಯಾರೂ ಕೇಳುವುದಿಲ್ಲ. ಹೆಚ್ಚಿನವರು ಪೂರ್ತಿ ಓದುವುದೂ ಇಲ್ಲ. ಯಾಕೆಂದರೆ ಆ ಕೆಲಸ ನಮಗೆ ಈ ತಿಂಗಳೇ ಬೇಕು. ಅವರಿಗೆ ನಾವೇ ಆಗಬೇಕೆಂದಿಲ್ಲ.

ಈ ಮಾತನ್ನು ಬಹಳ ಹಿಂದೆ ಹೇಳಿದವನು ಕಾರ್ಮಿಕ ನಾಯಕನಲ್ಲ, ಮಾರುಕಟ್ಟೆಯ ಪರ ಮಾತಾಡುವವರೆಲ್ಲ ಇವತ್ತಿಗೂ ಹೆಸರು ಹೇಳುವ ಆಡಮ್ ಸ್ಮಿತ್. 1776ರಲ್ಲಿ ಅವನು ಬರೆದದ್ದರ ಸಾರ ಇಷ್ಟು. ಜಮೀನ್ದಾರ, ಕಾರ್ಖಾನೆಯ ಒಡೆಯ, ವ್ಯಾಪಾರಿ ಇಂಥವರು ಒಬ್ಬ ಕೆಲಸಗಾರನನ್ನೂ ಇಟ್ಟುಕೊಳ್ಳದೆ ಕೂಡಿಟ್ಟದ್ದರಲ್ಲೇ ಒಂದೆರಡು ವರ್ಷ ಬದುಕಬಲ್ಲರು. ಕೆಲಸವಿಲ್ಲದೆ ಒಂದು ವಾರ ತಡೆಯಲಾರದ ಕೆಲಸಗಾರರೇ ಬಹಳ. ತಿಂಗಳು ತಡೆಯುವವರು ಕಡಿಮೆ, ವರ್ಷ ತಡೆಯುವವರು ಇಲ್ಲವೆಂದೇ ಹೇಳಬೇಕು. ದೂರದ ಲೆಕ್ಕದಲ್ಲಿ ಇಬ್ಬರಿಗೂ ಒಬ್ಬರಿಗೊಬ್ಬರು ಬೇಕು. ಆದರೆ ಒಬ್ಬನ ಅಗತ್ಯ ಇವತ್ತಿನದು, ಇನ್ನೊಬ್ಬನದು ಅಷ್ಟು ತುರ್ತಿನದಲ್ಲ.

ನನ್ನ ಪ್ರಕಾರ ಕಾರ್ಮಿಕ ಸಂಘದ ಇಡೀ ಕಥೆ ಇದರಲ್ಲೇ ಇದೆ. ಮಾಲೀಕ ಕೆಟ್ಟವನು, ಕಾರ್ಮಿಕ ಒಳ್ಳೆಯವನು ಅನ್ನುವ ವಿಚಾರವಲ್ಲ ಇದು. ಒಳ್ಳೆಯ ಮಾಲೀಕನಿಗೂ ಕಾಯುವ ಶಕ್ತಿ ಜಾಸ್ತಿ ಇರುತ್ತದೆ. ಅವನು ಅದನ್ನು ಬಳಸದೆ ಇರಬಹುದು, ಅಷ್ಟೇ. ಬಳಸಬೇಕೋ ಬೇಡವೋ ಅನ್ನುವುದು ಅವನ ಇಷ್ಟ. ಇನ್ನೊಬ್ಬರ ಒಳ್ಳೆಯತನವನ್ನು ನಂಬಿ ಸಂಸಾರ ನಡೆಸುವ ಸ್ಥಿತಿ ಯಾರಿಗೂ ಬೇಡ, ಅಲ್ವಾ?

ಸ್ಮಿತ್ ಇನ್ನೂ ಒಂದು ಮಾತು ಹೇಳಿದ್ದ. ಮಾಲೀಕರು ಕೂಲಿ ಏರಿಸಬಾರದು ಎಂದು ತಮ್ಮತಮ್ಮಲ್ಲಿ ಸದಾ ಸದ್ದಿಲ್ಲದೆ ಒಂದಾಗಿರುತ್ತಾರೆ, ಕೆಲಸಗಾರರು ಒಂದಾದರೆ ಮಾತ್ರ ಅದು ಸುದ್ದಿಯಾಗುತ್ತದೆ ಎಂದು. ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್, ಗೂಗಲ್, ಇಂಟೆಲ್, ಅಡೋಬಿಯಂಥ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ನಿನ್ನ ಇಂಜಿನಿಯರ್‌ಗಳನ್ನು ನಾನು ಕರೆಯುವುದಿಲ್ಲ, ನನ್ನವರನ್ನು ನೀನು ಕರೆಯಬೇಡ ಎಂದು ಅವು ಒಳಗೊಳಗೇ ಮಾತಾಡಿಕೊಂಡಿದ್ದವು ಅನ್ನುವುದು ಆರೋಪ. ಆಮೇಲೆ ನೌಕರರು ಹೂಡಿದ ದಾವೆ 2015ರಲ್ಲಿ 41.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅವರೆಲ್ಲ ಕೈತುಂಬ ಸಂಬಳದ ಇಂಜಿನಿಯರ್‌ಗಳು. ನಮಗೆ ಬೆಲೆ ಇದೆ, ಯೂನಿಯನ್ ಯಾಕೆ ಎಂದುಕೊಂಡಿದ್ದವರು. ಆ ಬೆಲೆಯನ್ನು ಬೇರೆ ಯಾರೋ ಕೂತು ಗೊತ್ತುಮಾಡುತ್ತಿದ್ದರು.

ಈಗ ಇನ್ನೊಂದು ಕಡೆ ನೋಡಿ. ಕಾರ್ಮಿಕರು ಒಂದಾದರೆ ಏನಾಗುತ್ತಿತ್ತು? ಬ್ರಿಟನ್‌ನಲ್ಲಿ 1799 ಮತ್ತು 1800ರ ಕಾನೂನುಗಳ ಪ್ರಕಾರ ಕೂಲಿ ಹೆಚ್ಚಿಸಿ ಎಂದು ಒಟ್ಟಾಗಿ ಕೇಳುವುದೇ ಅಪರಾಧ. ಜೈಲು. ಕಾಗದದ ಮೇಲೆ ಮಾಲೀಕರ ಒಕ್ಕೂಟಕ್ಕೂ ನಿಷೇಧ ಇತ್ತು ಅನ್ನಿ. ಆದರೆ ನಾಲ್ಕು ಮಾಲೀಕರು ಊಟಕ್ಕೆ ಕೂತು ಮಾತಾಡಿದರೆ ಹಿಡಿಯುವವರು ಯಾರು? ಆ ಕಾನೂನುಗಳು 1824ರಲ್ಲಿ ರದ್ದಾದವು. ಹತ್ತು ವರ್ಷದ ಮೇಲೆ, 1834ರಲ್ಲಿ, ಇಂಗ್ಲೆಂಡಿನ ಟೋಲ್‌ಪಡಲ್ ಎಂಬ ಹಳ್ಳಿಯಲ್ಲಿ ಸಂಘ ಕಟ್ಟಿಕೊಂಡಿದ್ದ ಆರು ಮಂದಿ ಕೃಷಿ ಕೂಲಿಗಳನ್ನು ಹಿಡಿದರು. ಸಂಘ ಕಟ್ಟುವುದು ಆಗ ಅಪರಾಧವಲ್ಲ. ಹಾಗಾಗಿ ಗುಟ್ಟಾಗಿ ಪ್ರಮಾಣ ಮಾಡಿದರು ಎಂಬ ಬೇರೊಂದು ಕಾನೂನು ಹುಡುಕಿ, ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಜನ ದೊಡ್ಡ ಗಲಾಟೆ ಮಾಡಿದ ಮೇಲೆ 1836ರಲ್ಲಿ ಕ್ಷಮೆ ಸಿಕ್ಕಿತು.

ಸರಿ, ಸಂಘ ಏನು ಮಾಡುತ್ತದೆ? ಮೊದಲನೆಯದಾಗಿ ಚಂದಾ ಎತ್ತುತ್ತದೆ. ನಗಬೇಡಿ. ಯೂನಿಯನ್ನಿನ ಬಗ್ಗೆ ಮಾತಾಡುವಾಗ ಎಲ್ಲರೂ ಭಾಷಣದ ಬಗ್ಗೆ ಮಾತಾಡುತ್ತಾರೆ, ಚಂದಾ ಪುಸ್ತಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಕಾಯುವ ಶಕ್ತಿ ಹುಟ್ಟುವುದು ಆ ಪುಸ್ತಕದಲ್ಲೇ. ಒಬ್ಬನ ಉಳಿತಾಯ ಒಂದು ವಾರಕ್ಕೆ ಸಾಲುವುದಿಲ್ಲ. ಸಾವಿರಾರು ಜನ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹಾಕಿದ ನಿಧಿಯಿಂದ, ಮುಷ್ಕರ ಮಾಡುವ ಕೆಲವು ನೂರು ಮನೆಗಳ ಒಲೆ ತಿಂಗಳುಗಟ್ಟಲೆ ಉರಿಯಬಹುದು.

ಇದು ಮಾಲೀಕರಿಗೆ ಬೇಗ ಅರ್ಥವಾಯಿತು. ಎಷ್ಟು ಬೇಗ ಅಂದರೆ, ಅವರು ಮುಷ್ಕರವನ್ನು ಬಿಟ್ಟು ನೇರವಾಗಿ ಆ ನಿಧಿಗೇ ಕೈ ಹಾಕಿದರು. ವೇಲ್ಸ್‌ನ ಟಾಫ್ ವೇಲ್ ರೈಲ್ವೆ ಕಂಪನಿ, ಮುಷ್ಕರದಿಂದ ತನಗಾದ ನಷ್ಟವನ್ನು ಯೂನಿಯನ್ ತುಂಬಿಕೊಡಬೇಕು ಎಂದು ಕೋರ್ಟಿಗೆ ಹೋಯಿತು. 1901ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೌದು, ಯೂನಿಯನ್ ಮೇಲೆ ದಾವೆ ಹೂಡಬಹುದು ಎಂದಿತು. ಕೊನೆಗೆ ಯೂನಿಯನ್ ಕಟ್ಟಬೇಕಾಗಿ ಬಂದದ್ದು 23,000 ಪೌಂಡ್ ಪರಿಹಾರ. ಕೋರ್ಟು ಖರ್ಚು ಬೇರೆ. ಇನ್ನು ಮುಷ್ಕರ ಮಾಡುವವರು ಯಾರು? ಕಾನೂನು ಮುಷ್ಕರವನ್ನು ನಿಷೇಧಿಸಲಿಲ್ಲ, ಅದಕ್ಕೆ ಕಟ್ಟಲಾಗದ ಬೆಲೆ ಇಟ್ಟಿತು. ಐದು ವರ್ಷ ಹೋರಾಡಿದ ಮೇಲೆ 1906ರ ಕಾಯ್ದೆ ಬಂದು ಸಂಘಗಳಿಗೆ ಇಂಥ ದಾವೆಗಳಿಂದ ರಕ್ಷಣೆ ಸಿಕ್ಕಿತು.

ಮದ್ರಾಸಿನಲ್ಲೂ ಇದೇ ನಡೆಯಿತು. 1918ರ ಏಪ್ರಿಲ್‌ನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಬಿ.ಪಿ. ವಾಡಿಯಾ ಅಧ್ಯಕ್ಷರು. ಕಾರ್ಮಿಕರು ಹೇಳಿಕೊಂಡ ಮೊದಲ ಕಷ್ಟಗಳಲ್ಲಿ ಒಂದು ಮಧ್ಯಾಹ್ನದ ಬಿಡುವು ಸಾಲುವುದಿಲ್ಲ ಎಂಬುದು. ಸಂಬಳ ಆಮೇಲೆ. ಕೈ ತೊಳೆದು ಊಟ ಮಾಡಿ ಗೇಟು ಮುಚ್ಚುವುದರೊಳಗೆ ವಾಪಸ್ ಬರಲು ಹೊತ್ತು ಬೇಕು, ಅಷ್ಟೇ. ಸಂಘಗಳು ಶುರುವಾಗುವುದು ಹೆಚ್ಚಾಗಿ ಹೀಗೇ, ಇಂಥ ಸಣ್ಣ ವಿಷಯದಿಂದ. ದೊಡ್ಡ ಸಿದ್ಧಾಂತ ಆಮೇಲೆ ಬಂದು ಸೇರಿಕೊಳ್ಳುತ್ತದೆ.

1920ರ ಕೊನೆಗೆ ಅಲ್ಲಿ ಲಾಕೌಟ್ ಆಯಿತು, ಅಂದರೆ ಕಂಪನಿಯೇ ಕಾರ್ಮಿಕರಿಗೆ ಗೇಟು ಮುಚ್ಚಿತು. ಗಿರಣಿ ನಡೆಸುತ್ತಿದ್ದ ಬಿನ್ನಿ ಕಂಪನಿ ವಾಡಿಯಾ ಮತ್ತು ಅವರ ಜೊತೆಗಾರರ ಮೇಲೆ ಮದ್ರಾಸ್ ಹೈಕೋರ್ಟಿನಲ್ಲಿ ದಾವೆ ಹಾಕಿತು. ಕೆಲಸಕ್ಕೆ ಬರುವ ಒಪ್ಪಂದವನ್ನು ಮುರಿಯಲು ಕಾರ್ಮಿಕರನ್ನು ಪ್ರಚೋದಿಸಿದರು ಅನ್ನುವುದು ದೂರು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ರಾಜಿಯ ಭಾಗವಾಗಿ ವಾಡಿಯಾ ಸಂಘದಿಂದಲೇ ದೂರ ಸರಿಯಬೇಕಾಯಿತು. ಸಂಘ ಕಟ್ಟುವವರಿಗೆ ಕಾನೂನಿನ ರಕ್ಷಣೆ ಬೇಕು ಎಂದು ಕಾರ್ಮಿಕ ನಾಯಕ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ತಂದರು. ಅದರ ಫಲ 1926ರ ಟ್ರೇಡ್ ಯೂನಿಯನ್ ಕಾಯ್ದೆ. ಅದರಂತೆ ಆಗ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. ನೋಂದಾಯಿತ ಸಂಘದವರ ಮೇಲೆ ಮುಷ್ಕರದ ಕಾರಣಕ್ಕೆ ಒಳಸಂಚಿನ ಕೇಸಾಗಲಿ ಇಂಥ ನಷ್ಟದ ದಾವೆಯಾಗಲಿ ಹಾಕುವಂತಿರಲಿಲ್ಲ. ಅಂದರೆ ಇದು ಕಾರ್ಮಿಕರಿಗೆ ವಿಶೇಷ ಸವಲತ್ತು ಕೊಟ್ಟ ಕಾಯ್ದೆಯಲ್ಲ. ಅವರ ಕೈಯಿಂದ ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟ ಕಾಯ್ದೆ.

ಈಗ ಮಾತುಕತೆಯ ಮೇಜಿಗೆ ಬರೋಣ. ಹೊರಗಿನವರು ಅಂದುಕೊಳ್ಳುವಷ್ಟು ನಾಟಕ ಅಲ್ಲಿ ಇರುವುದಿಲ್ಲ. ಹೆಚ್ಚಿನ ಹೊತ್ತು ಬೇಸರ ಹುಟ್ಟಿಸುವ ಕೆಲಸ. ಬೇಡಿಕೆ ಪಟ್ಟಿಯಲ್ಲಿ ಮೂವತ್ತು ನಲವತ್ತು ಅಂಶಗಳು. ಸಂಬಳ ಕೊನೆಗೆ. ಮೊದಲು ಷಿಫ್ಟ್ ಬದಲಾವಣೆಗೆ ಎಷ್ಟು ದಿನ ಮುಂಚೆ ಹೇಳಬೇಕು, ಓವರ್‌ಟೈಮ್ (ಓಟಿ) ಕಡ್ಡಾಯವೋ ಐಚ್ಛಿಕವೋ, ಯಂತ್ರ ಕೆಟ್ಟು ನಿಂತ ಹೊತ್ತನ್ನು ಯಾರ ಲೆಕ್ಕಕ್ಕೆ ಹಾಕಬೇಕು, ಇಂಥವು. 'ಅಗತ್ಯವಿದ್ದಾಗ ಓಟಿ ಮಾಡತಕ್ಕದ್ದು' ಎಂದು ಆಡಳಿತದವರು ಬರೆದುಕೊಂಡು ಬಂದಿರುತ್ತಾರೆ. ಯಾರಿಗೆ ಅಗತ್ಯವಿದ್ದಾಗ? ಅಗತ್ಯ ಇದೆ ಅನ್ನುವವರು ಯಾರು? ಹಿಂದಿನ ದಿನ ಹೇಳುತ್ತಾರೋ, ಷಿಫ್ಟ್ ಮುಗಿಯಲು ಹತ್ತು ನಿಮಿಷ ಇರುವಾಗ ಹೇಳುತ್ತಾರೋ? ಮಗುವನ್ನು ಕರೆತರಲು ಹೋಗಬೇಕಾದವರು ಏನು ಮಾಡಬೇಕು? ಈ ಒಂದು ಸಾಲಿನ ಮೇಲೆ ಎರಡು ದಿನ ಕಳೆದುಹೋಗುತ್ತವೆ. ಕೊನೆಗೆ ಇಷ್ಟು ಗಂಟೆ ಮುಂಚೆ ನೋಟಿಸ್, ವಾರಕ್ಕೆ ಇಷ್ಟಕ್ಕಿಂತ ಜಾಸ್ತಿ ಇಲ್ಲ, ಬೇಡ ಅಂದವರ ಮೇಲೆ ಕ್ರಮವಿಲ್ಲ ಎಂದು ತೀರ್ಮಾನವಾಗುತ್ತದೆ. ಪತ್ರಿಕೆಯಲ್ಲಿ ಇದು ಬರುವುದಿಲ್ಲ. ಆದರೆ ದಿನಾ ಸಂಜೆ ಅದರ ಫಲ ಗೊತ್ತಾಗುತ್ತದೆ.

ಮೇಜಿನ ಮೇಲೆ ಇನ್ನೊಂದು ಅಸಮತೋಲನವೂ ಇರುತ್ತದೆ, ಲೆಕ್ಕಪತ್ರದ್ದು. ಈ ವರ್ಷ ನಷ್ಟ, ಏರಿಸಲು ಆಗುವುದಿಲ್ಲ ಎಂದು ಕಂಪನಿ ಹೇಳುತ್ತದೆ. ನಿಜವಿರಬಹುದು, ಸುಳ್ಳೂ ಇರಬಹುದು. ಒಬ್ಬನೇ ನೌಕರ ಹೋಗಿ ಲೆಕ್ಕ ತೋರಿಸಿ ಎಂದರೆ ಬಾಗಿಲು ತೋರಿಸುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1956ರಲ್ಲಿ ಒಂದು ತೀರ್ಪು ಕೊಟ್ಟಿತು. ಕೊಡುವ ಶಕ್ತಿಯಿಲ್ಲ ಎಂದು ಮಾಲೀಕ ಹೇಳಿದರೆ, ಅದಕ್ಕೆ ಆಧಾರ ತೋರಿಸಿ ಎಂದು ಯೂನಿಯನ್ ಕೇಳಿದಾಗ ತೋರಿಸಬೇಕು. ತೋರಿಸದಿದ್ದರೆ ಅದು ಪ್ರಾಮಾಣಿಕ ಚೌಕಾಶಿ ಅಲ್ಲ ಎನ್ನಿಸಿಕೊಳ್ಳಬಹುದು. ನನಗೆ ಇದು ತುಂಬ ಇಷ್ಟವಾದ ತೀರ್ಪು. ಜಾಸ್ತಿ ಕೊಡಿ ಎಂದು ಕೋರ್ಟು ಹೇಳಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ಕಾಗದದಲ್ಲಿ ತೋರಿಸಿ ಎಂದಿತು.

ಅದೇ ಕೋರ್ಟಿನ ಇನ್ನೊಂದು ಪ್ರಕರಣ 1975ರದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸಂಬಳ ಏರಿಕೆಗಿಂತ ಇದು ಮುಖ್ಯ ಎಂದು ನನಗನ್ನಿಸುತ್ತದೆ. ಒಂದು ಅಂಗಡಿ ಸರಪಳಿಯ ಊಟದ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಚಿಕನ್ ಪೆಟ್ಟಿಗೆ ತೆಗೆದುಕೊಂಡು ಕಡಿಮೆ ದುಡ್ಡು ಹಾಕಿದಳು ಎಂದು ಅನುಮಾನ. ಮ್ಯಾನೇಜರ್ ಮತ್ತು ಕಂಪನಿಯ ಪತ್ತೇದಾರ ಕೋಣೆಗೆ ಕರೆಸಿದರು. ನಮ್ಮ ಯೂನಿಯನ್ ಪ್ರತಿನಿಧಿಯನ್ನು ಕರೆಸಿ ಎಂದು ಅವಳು ಮತ್ತೆ ಮತ್ತೆ ಕೇಳಿದಳು. ಕರೆಸಲಿಲ್ಲ. ವಿಚಾರಿಸಿದಾಗ ಗೊತ್ತಾದದ್ದು, ಸಣ್ಣ ಪೆಟ್ಟಿಗೆ ಮುಗಿದಿತ್ತು, ಅವಳು ಸಣ್ಣದರಷ್ಟೇ ತುಂಡುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿಕೊಂಡಿದ್ದಳು. ಆರೋಪ ಬಿದ್ದುಹೋಯಿತು. ಅಷ್ಟರಲ್ಲಿ ಅಳು ಬಂದು, ನಾನು ಈ ಅಂಗಡಿಯಿಂದ ದುಡ್ಡು ಕೊಡದೆ ತೆಗೆದುಕೊಂಡದ್ದು ಅಂದರೆ ಮಧ್ಯಾಹ್ನದ ಊಟ ಮಾತ್ರ ಎಂದುಬಿಟ್ಟಳು. ತಕ್ಷಣ ಅದರ ಮೇಲೆ ಹೊಸ ವಿಚಾರಣೆ ಶುರು. ಆ ಅಂಗಡಿಯಲ್ಲಿ ಊಟ ಪುಕ್ಕಟೆಯೋ ಅಲ್ಲವೋ ಅನ್ನುವುದು ಕಂಪನಿಯ ಮುಖ್ಯ ಕಚೇರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಈ ಕೋಣೆಯನ್ನು ಸುಮ್ನೆ ಒಮ್ಮೆ ಕಲ್ಪಿಸಿಕೊಳ್ಳಿ. ಒಂದು ಕಡೆ ಪ್ರಶ್ನೆ ಕೇಳುವುದನ್ನೇ ಕೆಲಸ ಮಾಡಿಕೊಂಡವರು. ಇನ್ನೊಂದು ಕಡೆ ಗಾಬರಿಯಾದ ಒಬ್ಬಳು. ಪಕ್ಕದಲ್ಲಿ ನಿಯಮ ಗೊತ್ತಿರುವ ಇನ್ನೊಬ್ಬರು ಕೂತಿದ್ದರೆ ಆ ಎರಡನೇ ವಿಚಾರಣೆ ನಡೆಯುತ್ತಲೇ ಇರಲಿಲ್ಲ. ಶಿಕ್ಷೆಯಾಗಬಹುದು ಎಂಬ ಭಯಕ್ಕೆ ಕಾರಣವಿರುವ ವಿಚಾರಣೆಯಲ್ಲಿ ಯೂನಿಯನ್ ಪ್ರತಿನಿಧಿಯನ್ನು ಕೇಳುವ ಹಕ್ಕು ನೌಕರರಿಗೆ ಇದೆ ಎಂದು ಕೋರ್ಟು ಹೇಳಿತು. ಯೂನಿಯನ್ ಕಳ್ಳರನ್ನು ಕಾಪಾಡುತ್ತದೆ ಎಂದು ದೂರುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಮುಷ್ಕರದ ವಿಷಯಕ್ಕೆ ಬರೋಣ. ನೀವೆಲ್ಲ ಕಾಯುತ್ತಿರುವುದೂ ಅದಕ್ಕೇ ಅಂತ ಗೊತ್ತು.

ಮುಷ್ಕರ ಅಂದರೆ ಕಾಯುವ ಪಂದ್ಯ. ಅದರಲ್ಲಿ ಗೆದ್ದವರು ಎದುರಾಳಿಯ ಕಾಯುವ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಮೊದಲೇ ಹುಡುಕಿರುತ್ತಾರೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 1936ರ ಡಿಸೆಂಬರ್ ಕೊನೆಗೆ ಜನರಲ್ ಮೋಟಾರ್ಸ್ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆದರೆ ಹೊರಗೆ ಬರಲಿಲ್ಲ. ಯಂತ್ರದ ಪಕ್ಕದಲ್ಲೇ ಕೂತರು. ಹೊರಗೆ ಬಂದಿದ್ದರೆ ಬೇರೆಯವರನ್ನು ಕರೆತಂದು ಕೆಲಸ ಮುಂದುವರಿಸಬಹುದಿತ್ತು. ಒಳಗೇ ಕೂತವರ ಜಾಗಕ್ಕೆ ಯಾರನ್ನು ತರುತ್ತೀರಿ? 44 ದಿನ ಆಯಿತು. ಅಷ್ಟು ದೊಡ್ಡ ಕಂಪನಿ 1937ರ ಫೆಬ್ರವರಿ 11ರಂದು ಯೂನಿಯನ್ನನ್ನು ಒಪ್ಪಿಕೊಂಡಿತು. ಇನ್ನೊಬ್ಬರ ಜಾಗಕ್ಕೆ ನುಗ್ಗಿ ಕೂರುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಅಮೆರಿಕದ ಕೋರ್ಟುಗಳೇ ಎರಡು ವರ್ಷದ ಮೇಲೆ ಆ ದಾರಿ ಮುಚ್ಚಿದವು.

ಸೋತ ಮುಷ್ಕರಗಳೂ ಇದೇ ಪಾಠ ಹೇಳುತ್ತವೆ. 1984ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ವಿದ್ಯುತ್ ಸ್ಥಾವರಗಳಲ್ಲಿ ಮೊದಲೇ ಕಲ್ಲಿದ್ದಲು ರಾಶಿ ಹಾಕಿಸಿತ್ತು. ಮುಷ್ಕರ ಶುರುವಾದದ್ದೂ ಚಳಿಗಾಲ ಮುಗಿಯುವ ಹೊತ್ತಿಗೆ, ಕಲ್ಲಿದ್ದಲು ಕಡಿಮೆ ಬೇಕಾಗುವ ಕಾಲಕ್ಕೆ. ಒಂದು ವರ್ಷ ಎಳೆಯಿತು. ಗಣಿಯವರ ಮನೆಗಳು ಸಾಲದಲ್ಲಿ ಮುಳುಗಿದವು, ದೀಪ ಮಾತ್ರ ಆರಲಿಲ್ಲ. 1985ರ ಮಾರ್ಚ್‌ನಲ್ಲಿ ಒಪ್ಪಂದವಿಲ್ಲದೆ ಅವರು ಕೆಲಸಕ್ಕೆ ಮರಳಿದರು.

ಬೊಂಬಾಯಿಯ ಬಟ್ಟೆ ಗಿರಣಿಗಳ ಮುಷ್ಕರ ಅದಕ್ಕಿಂತ ಎರಡು ವರ್ಷ ಮುಂಚಿನದು. 1982ರ ಜನವರಿ 18ರಂದು ದತ್ತಾ ಸಾಮಂತ್ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟರು. ಅವರ ಸಿಟ್ಟಿಗೆ ಕಾರಣವಿತ್ತು. ಆಗಿನ ಕಾನೂನಿನಂತೆ ಗಿರಣಿಗಳಲ್ಲಿ ಮಾತಾಡುವ ಹಕ್ಕು ಒಂದೇ ಮಾನ್ಯ ಸಂಘಕ್ಕೆ. ಕಾರ್ಮಿಕರಿಗೆ ಆ ಸಂಘದ ಮೇಲೆ ನಂಬಿಕೆ ಹೋಗಿತ್ತು. ಅವರು ನಂಬಿದ ನಾಯಕನಿಗೆ ಮೇಜಿನಲ್ಲಿ ಕುರ್ಚಿಯೇ ಇಲ್ಲ. ಮಾಲೀಕರ ಕಡೆ ನೋಡಿ. ಗೋದಾಮಿನಲ್ಲಿ ಬಟ್ಟೆ ಇತ್ತು. ಗಿರಣಿಗಳ ಹೊರಗಿನ ಪವರ್‌ಲೂಮ್‌ಗಳು ಬಟ್ಟೆ ನೇಯುತ್ತಿದ್ದವು. ಹಳೆಯ ಗಿರಣಿ ನಡೆಸುವುದಕ್ಕಿಂತ ಅದು ನಿಂತ ಜಾಗಕ್ಕೇ ಬೆಲೆ ಜಾಸ್ತಿಯಾಗುತ್ತಿತ್ತು. ಇಂಥ ಮಾಲೀಕನಿಗೆ ಮುಷ್ಕರದಿಂದ ನಷ್ಟವೇನು? ಆ ಮುಷ್ಕರವನ್ನು ಯಾರೂ ಅಧಿಕೃತವಾಗಿ ವಾಪಸ್ ಪಡೆಯಲೇ ಇಲ್ಲ. ಸುಮ್ನೆ ಕರಗಿಹೋಯಿತು. ಜೊತೆಗೆ ಒಂದು ಲಕ್ಷಕ್ಕೂ ಜಾಸ್ತಿ ಕೆಲಸಗಳು ಹೋದವು. ಮಾಲೀಕನಿಗೆ ನೀವು ಬೇಡವಾಗಿರುವಾಗ ಮಾಡುವ ಮುಷ್ಕರ ಅವನಿಗೆ ಉಪಕಾರ ಮಾಡಿದಂತೆ. ಕಟುವಾಗಿ ಕೇಳಿಸಬಹುದು. ಆದರೆ ಮುಷ್ಕರಕ್ಕೆ ಮತ ಹಾಕುವ ಮುಂಚೆ ಈ ಮಾತನ್ನು ಎದ್ದು ಹೇಳುವವರು ಸಂಘದ ಒಳಗೆ ಒಬ್ಬರಾದರೂ ಇರಬೇಕು.

ಈಚಿನದು ಒಂದು ಹೇಳುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಹನ ಕಾರ್ಮಿಕರ ಸಂಘ ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್ ಮೂರರ ಮೇಲೂ ಒಟ್ಟಿಗೆ ಮುಷ್ಕರ ಹೂಡಿತು. ಆದರೆ ಎಲ್ಲರನ್ನೂ ಹೊರಗೆ ಕರೆಯಲಿಲ್ಲ. ಮೊದಲು ಮೂರು ಕಾರ್ಖಾನೆ ಮಾತ್ರ. ಮುಂದೆ ಯಾವುದು ಎಂದು ಕಂಪನಿಗಳಿಗೆ ಗೊತ್ತಾಗುತ್ತಿರಲಿಲ್ಲ. ಸಂಘದ ಬಳಿ ಸುಮಾರು 82.5 ಕೋಟಿ ಡಾಲರ್ ಮುಷ್ಕರ ನಿಧಿ ಇತ್ತು, ಹೊರಗಿದ್ದವರಿಗೆ ವಾರಕ್ಕೆ 500 ಡಾಲರ್. ಎಲ್ಲರನ್ನೂ ಕರೆದಿದ್ದರೆ ನಿಧಿ ಬೇಗ ಖಾಲಿ. ಕೆಲವರನ್ನೇ ಕರೆದದ್ದರಿಂದ ಸಂಘದ ಕಾಯುವ ದಿನಗಳು ಉದ್ದವಾದವು, ಕಂಪನಿಗಳ ಯೋಜನೆ ಮಾತ್ರ ದಿನದಿನಕ್ಕೂ ಹದಗೆಟ್ಟಿತು. ಸುಮಾರು ಆರು ವಾರದಲ್ಲಿ ಮೂರೂ ಕಂಪನಿಗಳು ನಾಲ್ಕೂವರೆ ವರ್ಷದಲ್ಲಿ ಶೇ. 25ರಷ್ಟು ಸಂಬಳ ಏರಿಕೆಗೆ ಒಪ್ಪಿದವು.

ಮುಷ್ಕರ ಇಲ್ಲದೆ ಸಮತೋಲನ ಸಾಧ್ಯವಿಲ್ಲವೇ? ಸಾಧ್ಯ, ಆದರೆ ಮುಷ್ಕರ ಮಾಡಬಲ್ಲರು ಎಂಬುದು ಇಬ್ಬರಿಗೂ ಗೊತ್ತಿರಬೇಕು. ಸ್ವೀಡನ್ನಿನಲ್ಲಿ ಮಾಲೀಕರ ಒಕ್ಕೂಟ ಮತ್ತು ಕಾರ್ಮಿಕರ ಒಕ್ಕೂಟ 1938ರಲ್ಲಿ ಸಾಲ್ಟ್‌ಶೋಬಾಡೆನ್ ಎಂಬಲ್ಲಿ ಕೂತು ಜಗಳ ಹೇಗೆ ಆಡಬೇಕು ಎಂಬುದಕ್ಕೇ ಒಪ್ಪಂದ ಮಾಡಿಕೊಂಡವು. ಅಲ್ಲಿ ಇವತ್ತಿಗೂ ಕನಿಷ್ಠ ಕೂಲಿ ಕಾನೂನು ಇಲ್ಲ. ಎಲ್ಲ ಸಾಮೂಹಿಕ ಒಪ್ಪಂದದಲ್ಲೇ ತೀರ್ಮಾನ. ನಿರುದ್ಯೋಗ ವಿಮೆಯ ನಿಧಿಗಳೂ ಬಹುಮಟ್ಟಿಗೆ ಸಂಘಗಳ ಜೊತೆಗೇ ಬೆಳೆದುಬಂದವು. ನೋಡಿ, ಮತ್ತೆ ಅದೇ ವಿಷಯ. ಕೆಲಸ ಹೋದರೂ ಕೆಲವು ತಿಂಗಳು ಮನೆ ನಡೆಯುತ್ತದೆ ಎಂದಾದರೆ ಮನುಷ್ಯ ಮೇಜಿನಲ್ಲಿ ಬೇರೆ ರೀತಿ ಮಾತಾಡುತ್ತಾನೆ.

ಜರ್ಮನಿಯವರು ಇನ್ನೊಂದು ದಾರಿ ಹಿಡಿದರು. 1976ರ ಕಾನೂನಿನಂತೆ ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಕಡೆಗೆ. ಅರ್ಧ ಅಂದರೂ ಮತ ಸಮಸಮ ಬಂದರೆ ಅಧ್ಯಕ್ಷನಿಗೆ ಇನ್ನೊಂದು ಮತ, ಅಧ್ಯಕ್ಷ ಸಾಮಾನ್ಯವಾಗಿ ಷೇರುದಾರರ ಕಡೆಯವನು. ಹಾಗಾಗಿ ಪೂರ್ತಿ ಸಮ ಅಲ್ಲ. ಆದರೂ ಕಾರ್ಖಾನೆ ಮುಚ್ಚುವ ಯೋಚನೆ ಬಂದಾಗಲೇ ಅದು ಕಾರ್ಮಿಕರಿಗೆ ಗೊತ್ತಾಗುತ್ತದೆ, ಗೇಟಿಗೆ ನೋಟಿಸ್ ಅಂಟಿಸಿದ ಮೇಲೆ ಅಲ್ಲ.

ಈಗ ಸಂಘಗಳ ದೋಷದ ಬಗ್ಗೆ. ಇಷ್ಟು ಹೊತ್ತು ಹೊಗಳಿ ಇದನ್ನು ಬಿಟ್ಟರೆ ನೀವು ನನ್ನನ್ನು ನಂಬಬೇಕಾಗಿಲ್ಲ. ಒಂದೇ ಗೇಟಿನೊಳಗೆ ಖಾಯಂ ನೌಕರರು ಮತ್ತು ಗುತ್ತಿಗೆಯವರು ಒಂದೇ ಯಂತ್ರದ ಮುಂದೆ ನಿಂತಿರುತ್ತಾರೆ. ಸಂಬಳದಲ್ಲಿ ಅಜಗಜಾಂತರ. ಎಷ್ಟೋ ಸಂಘಗಳಲ್ಲಿ ಗುತ್ತಿಗೆಯವರಿಗೆ ಸದಸ್ಯತ್ವವೇ ಇಲ್ಲ. ಮಂದಿ ಕಡಿಮೆ ಮಾಡಬೇಕಾದರೆ ಮೊದಲು ಅವರನ್ನು ತೆಗೆಯಿರಿ ಎಂದು ಸಂಘವೇ ಒಳಗೊಳಗೆ ಒಪ್ಪಿರುತ್ತದೆ. ಮಾಲೀಕನಿಗೆ ಇದರಿಂದ ಎರಡು ಲಾಭ. ದುಡ್ಡು ಉಳಿಯುತ್ತದೆ, ಮತ್ತು ಖಾಯಂನವರು ಮುಷ್ಕರ ಮಾಡಿದರೆ ಗುತ್ತಿಗೆಯವರಿಂದ ಕೆಲಸ ನಡೆಯುತ್ತದೆ. ಅವರನ್ನು ಹೊರಗಿಟ್ಟ ಸಂಘ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದೆ.

ಇನ್ನು ಪಕ್ಷಕ್ಕೊಂದು ಸಂಘ, ಹತ್ತಿಪ್ಪತ್ತು ವರ್ಷ ಬದಲಾಗದ ನಾಯಕ, ಚುನಾವಣೆ ಇಲ್ಲದ ಕಮಿಟಿ. ಇದೆಲ್ಲ ನಿಮಗೂ ಗೊತ್ತಿದೆ, ಹೆಚ್ಚು ಹೇಳುವುದಿಲ್ಲ. ಚಂದಾ ಲೆಕ್ಕ ವರ್ಷಕ್ಕೊಮ್ಮೆ ಎಲ್ಲರೆದುರು ಓದುವ ಸಂಘ ಸಾಮಾನ್ಯವಾಗಿ ಬೇರೆ ವಿಷಯದಲ್ಲೂ ಸರಿಯಾಗಿರುತ್ತದೆ ಅನ್ನುವುದು ನನ್ನ ಅನುಭವದ ಮಾತು.

ಸದಸ್ಯರ ಸಂಖ್ಯೆ ಹಲವು ದೇಶಗಳಲ್ಲಿ ಇಳಿಯುತ್ತಿದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಸುಮಾರು ಮೂರರಲ್ಲಿ ಒಬ್ಬ ನೌಕರ ಸಂಘದಲ್ಲಿದ್ದ. 2023ರಲ್ಲಿ ಹತ್ತರಲ್ಲಿ ಒಬ್ಬ, ಖಾಸಗಿ ವಲಯದಲ್ಲಿ ಶೇ. 6. ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಶಿ ಮಾಡುವ ಹಕ್ಕಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಎರಡು ಒಡಂಬಡಿಕೆಗಳಿವೆ, 1948ರ 87ನೆಯದು ಮತ್ತು 1949ರ 98ನೆಯದು. ಅಮೆರಿಕ ಎರಡಕ್ಕೂ ಅನುಮೋದನೆ ಕೊಟ್ಟಿಲ್ಲ. ಭಾರತವೂ ಕೊಟ್ಟಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

ಮೊದಲ ಪ್ರಶ್ನೆ: ಸಂಘ ಇದ್ದರೆ ಮಾಲೀಕನಿಗೆ ಏನಾದರೂ ಲಾಭ ಇದೆಯೇ, ಬರೀ ತಲೆನೋವೇ?

ಇದೆ. ಸಾವಿರ ಜನರ ಸಾವಿರ ಅಸಮಾಧಾನ ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಹೋಗುವ ರೂಪದಲ್ಲಿ ಹೊರಬಂದರೆ, ಏನು ತಪ್ಪಾಗಿದೆ ಎಂದು ಕಂಪನಿಗೆ ಗೊತ್ತೇ ಆಗುವುದಿಲ್ಲ. ಹೋಗುವವನು ನಿಜ ಹೇಳಿ ಹೋಗುವುದಿಲ್ಲ, ಅವನಿಗೆ ಅನುಭವ ಪತ್ರ ಬೇಕಲ್ಲ. ಸಂಘ ಇದ್ದರೆ ಒಳಗಿದ್ದುಕೊಂಡೇ ಹೇಳುವವರಿರುತ್ತಾರೆ. ಮೂರು ವರ್ಷದ ಒಪ್ಪಂದವಾದರೆ ಆ ಮೂರು ವರ್ಷ ಸಂಬಳದ ಖರ್ಚು ಎಷ್ಟು ಎಂದು ಲೆಕ್ಕ ಹಾಕಬಹುದು. ಇನ್ನೊಂದು ಮಾತು. ಎಲ್ಲ ಕಂಪನಿಗಳಿಗೂ ಒಂದೇ ಒಪ್ಪಂದ ಅನ್ವಯಿಸುವ ಕಡೆ, ಕೂಲಿ ಇಳಿಸಿ ಪೈಪೋಟಿ ಮಾಡುವ ದಾರಿ ಮುಚ್ಚಿರುತ್ತದೆ. ಸರಿಯಾಗಿ ಸಂಬಳ ಕೊಡುವ ಮಾಲೀಕನಿಗೆ ಅದು ರಕ್ಷಣೆಯೇ.

ಎರಡನೇ ಪ್ರಶ್ನೆ ಒಬ್ಬ ಯುವತಿಯದು: ಆ್ಯಪ್ ಮೇಲೆ ಕೆಲಸ ಮಾಡುವವರಿಗೆ ಮಾಲೀಕನೇ ಕಾಣುವುದಿಲ್ಲ. ಗೇಟಿಲ್ಲ, ಷಿಫ್ಟಿಲ್ಲ. ಅವರು ಯಾರ ಜೊತೆ ಚೌಕಾಶಿ ಮಾಡಬೇಕು?

ಒಳ್ಳೆಯ ಪ್ರಶ್ನೆ, ಆದರೆ ಹೊಸ ಪ್ರಶ್ನೆಯಲ್ಲ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ತಾವು ಕಟ್ಟಿದ 'ಸೇವಾ' (SEWA) ಎಂಬ, ಸ್ವಂತ ದುಡಿಮೆಯ ಹೆಂಗಸರ ಸಂಘಟನೆಯನ್ನು ಕಾರ್ಮಿಕ ಸಂಘವಾಗಿ ನೋಂದಾಯಿಸಲು ಹೋದಾಗ ಅಧಿಕಾರಿಗಳು ಇದನ್ನೇ ಕೇಳಿದ್ದರು. ತಲೆಹೊರೆ ಹೊರುವವರು, ಬೀದಿಯಲ್ಲಿ ಮಾರುವವರು, ಮನೆಯಲ್ಲಿ ಹೊಲಿಯುವವರು ಸದಸ್ಯರು. ಇವರಿಗೆ ಮಾಲೀಕ ಯಾರು, ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಹೋರಾಟ ಎಂದು. ಸಂಘ ಇರುವುದು ಯಾರದೋ ವಿರುದ್ಧ ಅಲ್ಲ, ಕಾರ್ಮಿಕರ ಒಗ್ಗಟ್ಟಿಗಾಗಿ ಎಂಬುದು ಇಳಾ ಭಟ್ ಅವರ ವಾದವಾಗಿತ್ತು. ನೋಂದಣಿ ಆಯಿತು. ಆಮೇಲೆ ಆ ಹೆಂಗಸರು ವ್ಯಾಪಾರಿಗಳ ಜೊತೆ, ಪೊಲೀಸರ ಜೊತೆ, ನಗರಸಭೆಯ ಜೊತೆ ಚೌಕಾಶಿ ಮಾಡಿದರು. 1974ರಲ್ಲಿ ತಮ್ಮದೇ ಬ್ಯಾಂಕು ಕಟ್ಟಿಕೊಂಡರು. ಬ್ಯಾಂಕು ಯಾಕೆ ಎಂದು ಈಗ ನಿಮಗೆ ಹೊಳೆದಿರಬೇಕು. ಬಡ್ಡಿಗೆ ಸಾಲ ಕೊಟ್ಟವನೇ ಸರಕನ್ನೂ ಕೊಡುವವನಾದರೆ ಒಂದು ದಿನವೂ ಕಾಯಲು ಆಗುವುದಿಲ್ಲ.

ಆ್ಯಪ್ ವಿಷಯದಲ್ಲಿ ಮಾಲೀಕ ಇದ್ದಾನೆ, ಇಲ್ಲ ಎಂದು ಹೇಳಿಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ. ದರ ಅವನೇ ಹಾಕುತ್ತಾನೆ, ಕೆಲಸ ಅವನೇ ಹಂಚುತ್ತಾನೆ, ಖಾತೆ ಬಂದ್ ಮಾಡುವವನೂ ಅವನೇ. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಊಬರ್ ಚಾಲಕರ ವಿಷಯದಲ್ಲಿ ಇದನ್ನೇ ನೋಡಿ, ಅವರು ಸ್ವಂತ ವ್ಯಾಪಾರಿಗಳಲ್ಲ, ಕಾರ್ಮಿಕರು ಎಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಕಂಪನಿ ಜಿ.ಎಂ.ಬಿ. ಎಂಬ ಸಂಘವನ್ನು ಚಾಲಕರ ಪರವಾಗಿ ಮಾತಾಡುವ ಸಂಘವೆಂದು ಒಪ್ಪಿಕೊಂಡಿತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ, ಮೊದಲ ಬೇಡಿಕೆ ದರದ್ದಾಗಬೇಕಿಲ್ಲ. ಖಾತೆ ಬಂದ್ ಮಾಡುವ ಮುಂಚೆ ಕಾರಣ ಬರೆದು ಕೊಡಿ, ನಮ್ಮ ಕಡೆಯ ಒಬ್ಬರನ್ನು ಕೂರಿಸಿಕೊಂಡು ವಿಚಾರಣೆ ಮಾಡಿ ಎಂದು ಕೇಳಿ. ಬಾಯಿ ತೆಗೆದ ಮರುದಿನ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ಬಂದರೆ ಸದಸ್ಯರು ತಾವಾಗಿ ಬರುತ್ತಾರೆ. ದರದ ಮಾತು ಆಮೇಲೆ.